ಮೂರು ಸೈಟು, ಒಂದು ಕೆಮ್ಮು

ನಿವೃತ್ತ ಅಂದ ಕೂಡಲೇ ಬಿಳಿ ಮೀಸೆ, ಮಂಡಿನೋವು, ಬೆಳಗಿನ ವಾಕಿಂಗು ಅಂತ ಊಹಿಸಿಕೊಳ್ಳಬೇಡಿ. ನನಗಿನ್ನೂ ಮೂವತ್ತಾರು. ಮೀಸೆ ಕಪ್ಪಗೇ ಇದೆ, ಅದೂ ಪೂರ್ತಿ ಬಂದಿಲ್ಲ. ಆದರೆ ಎಡಗಿವಿಯೊಳಗೆ ಒಂದು ಮಿಡತೆ ಹೊಕ್ಕು ಕೂತಿದೆ, ಬಿಡದೆ ಕಿರುಗುಟ್ಟುತ್ತದೆ. ಡಾಕ್ಟರು ಕಿವಿಗೆ ಲೈಟು ಬಿಟ್ಟು ನೋಡಿ, "ಇನ್ನೂ ಆ ಬಂದೂಕಿನ ಹತ್ರ ಹೋದ್ರೆ ಈ ಕಡೆ ಕಿವಿಗೂ ಅದರ ಜೋಡಿ ಬಂದು ಕುಂದರ್ತೈತೆ ನೋಡಪ್ಪ" ಅಂದರು. ಹದಿಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ನನ್ನ ಜಾಗಕ್ಕೆ ಬಂದವರು, "ಅಣ್ಣ, ಅಲ್ಲಿ ಏನೇನು ಜಾಗ್ರತೆ ಮಾಡ್ಬೇಕು, ಒಂಚೂರು ಬರ್ದು ಕೊಡು" ಅಂದರು. ಬರೆದು ಕೊಡುತ್ತಿದ್ದೇನೆ. ಓದುವಾಗ ನಗು ಬಂದರೆ ನಗಿ. ನಾನು ನಗಿಸಲು ಹೋಗಿಯೇ ಕೆಟ್ಟವನು.

ನಮ್ಮದು ಚಿತ್ರದುರ್ಗದ ಹೊರಗೆ, ತುರುವನೂರು ರಸ್ತೆಯಲ್ಲಿ, ಕಲ್ಲು ತೆಗೆಯುವುದು ನಿಂತುಹೋದ ಒಂದು ಹಳೇ ಕ್ವಾರಿಯೊಳಗಿನ ಚಿಕ್ಕ ರೈಫಲ್ ಕ್ಲಬ್ಬು. ಮೂರು ಕಡೆ ಎತ್ತರದ ಬಂಡೆಗೋಡೆ. ಎದುರಿನ ಗೋಡೆಗೆ ಆನೆ ಎತ್ತರ ಮಣ್ಣು ಸುರಿದು, ಅದರ ಮುಂದೆ ಗುರಿಹಲಗೆ ನಿಲ್ಲಿಸಿದ್ದಾರೆ. ನಾನು ಹೆಸರಿಗೆ ರೇಂಜ್ ಅಸಿಸ್ಟೆಂಟು. ಅಂದರೆ ಹಲಗೆಗೆ ಕಾಗದ ಚುಚ್ಚುವುದು, ನಳಿಗೆ ಒರೆಸುವುದು, ಸೈಟು ಕೂರಿಸುವುದು, ಚಹಾ ತರುವುದು. ಊರಲ್ಲಿ ಅಮ್ಮ ಮಾತ್ರ "ನಮ್ಮ ತಿಪ್ಪೇಶಿ ಬಂದೂಕಿನ ಆಫೀಸರು" ಅಂತ ಹೇಳಿಕೊಂಡು ಬಂದಿದ್ದಳು.

ಮೊದಲ ದಿನ ಯಾರೋ ಒಂದು ಗುಂಡು ಹಾರಿಸಿದರು. ಸಣ್ಣ ಪಾಯಿಂಟ್ ಟೂ ಟೂ ರೈಫಲ್ಲು, ಹಬ್ಬದ ಪಟಾಕಿಗಿಂತ ಜೋರೇನಲ್ಲ. ಆದರೆ ಕ್ವಾರಿಯಲ್ಲಿ ಒಂದು ಸದ್ದು ಒಂದೇ ಆಗಿ ಉಳಿಯುವುದಿಲ್ಲ. ಎಡಬಂಡೆಗೆ ಬಡಿದು ಬಲಕ್ಕೆ ಬರುತ್ತದೆ, ಬಲದಿಂದ ಬೆನ್ನ ಹಿಂದಕ್ಕೆ. ನಾಲ್ಕು ಕಡೆಯಿಂದ ನನ್ನನ್ನೇ ಹೊಡೆಯುತ್ತಿದ್ದಾರೆ ಅನ್ನಿಸಿ ನಾನು ನೆಲಕ್ಕೆ ಬಿದ್ದು ತಲೆ ಮುಚ್ಚಿಕೊಂಡಿದ್ದೆ. ಯಾರೋ ನನ್ನ ಕಾಲರು ಹಿಡಿದು ಎಬ್ಬಿಸಿದರು.

"ಏಳೋ. ಹೆದ್ರಿಕೆ ಆಯ್ತಾ?"

"ಹೂಂ ಸರ್."

"ಒಳ್ಳೇದು. ನಾಳೆನೂ ಆಗ್ಲಿ."

ಅವರೇ ಮಹಬೂಬ್ ಸಾಹೇಬರು. ನಮಗೆಲ್ಲ ಉಸ್ತಾದ್. ಪಟ್ಟಣದ ಹಳೇ ಓಣಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮನೆತನ. ಫೌಜಿನಲ್ಲಿ ಇದ್ದು ಬಂದ ಮೇಲೆ ಈ ರೇಂಜಿನಲ್ಲಿ ಗುರಿ ಕಲಿಸುವವರೂ ಕಮಾಂಡು ಕೊಡುವವರೂ ಅವರೇ. ಅಪ್ಪನ ಕಾಲದ ಗಡಿಯಾರದ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು, ಸೈಟಿನ ತಿರುಪು ಬಿಗಿಯಲು. ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಪ್ಪೆಗಳನ್ನೆಲ್ಲ ಸಂಜೆ ಒಪ್ಪಿಸಬೇಕಿತ್ತು. ಒಮ್ಮೆ ಒಂದು ಕಮ್ಮಿ ಬಿತ್ತು. ಉಸ್ತಾದ್ ಯಾರನ್ನೂ ಮನೆಗೆ ಬಿಡಲಿಲ್ಲ. ಎಲ್ಲರೂ ಮಂಡಿಯೂರಿ ಹುಲ್ಲು ಕೆದಕಿದೆವು. ಎಲ್ಲರಿಗಿಂತ ಜೋರಾಗಿ ಹುಡುಕುತ್ತಾ, "ಯಾವನಪ್ಪ ನುಂಗಿದ್ದು" ಅಂತ ಬೈಯುತ್ತಿದ್ದವನು ನಾನು. ಕೊನೆಗೆ ಅದು ನನ್ನ ಪ್ಯಾಂಟಿನ ಮಡಿಕೆಯಲ್ಲೇ ಸಿಕ್ಕಿತು. ಉಸ್ತಾದ್ ಬೈಯಲಿಲ್ಲ. ಅದನ್ನು ನನ್ನ ಅಂಗೈಗೆ ಹಾಕಿ, "ಇದು ಖಾಲಿ ಅಂತ ನೋಡ್ದೆ ಹೆಂಗೆ ಗೊತ್ತಾಯ್ತು ನಿಂಗೆ?" ಅಂದರು. ಅದು ಹಾರದ ಗುಂಡೇ ಆಗಿದ್ದರೂ ಹಾಗೇ ಪ್ಯಾಂಟಿನಲ್ಲಿ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆ.

ಇನ್ನು ನನ್ನ ಚಾಳಿ. ಹುಟ್ಟಿದಾಗಿನಿಂದ ನನಗೆ ಬೇರೆಯವರ ದನಿ ಅಂಟಿಕೊಳ್ಳುತ್ತದೆ. ಹೊಳಲ್ಕೆರೆ ಬಸ್ಸಿನ ಕಂಡಕ್ಟರು ಮೂಗಲ್ಲಿ ಕೂಗುವುದು, ಕ್ಲಬ್ಬಿನ ಸೆಕ್ರೆಟರಿ ಪ್ರತಿ ಮಾತಿಗೂ "ಲೆವೆಲ್ ಮೇಂಟೇನ್ ಮಾಡ್ಬೇಕಪ್ಪ" ಅನ್ನುವುದು, ಹೊಸದುರ್ಗದಿಂದ ತರಬೇತಿಗೆ ಬಂದು ಗುಂಡು ಹಾರುವಾಗ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಮೇಷ್ಟ್ರು "ಈಗ ಬಿತ್ತೇನ್ರಿ?" ಅಂತ ಕೇಳುವುದು, ಎಲ್ಲ ಮಾಡುತ್ತಿದ್ದೆ. ಅಮ್ಮ ಎಷ್ಟೋ ಸಲ ತಟ್ಟೆ ಮುಂದೆ ಹಿಡಿದುಕೊಂಡು, "ಲೇ, ಒಂದ್ಸಲನಾದ್ರೂ ನಿನ್ನ ದನೀಲಿ ಮುದ್ದೆ ಕೇಳೋ" ಅಂದಿದ್ದಾಳೆ. ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದದ್ದು ಉಸ್ತಾದರ ಕಮಾಂಡು. "ಲೋಡ್" ಅನ್ನುತ್ತಿದ್ದರು. ಆಮೇಲೆ ಮೂರು ಉಸಿರು ಸುಮ್ಮನೆ. ಆಮೇಲೆ ಗಂಟಲಲ್ಲಿ ಒಂದು ಸಣ್ಣ ಕೆಮ್ಮು. ಆಮೇಲೆ "ಫೈ...ರ್". ಆ ಕೆಮ್ಮನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಲಿತ ಮೇಲೆ ಅವರ ಹೆಂಡತಿಯೇ ಒಮ್ಮೆ ಫೋನಿನಲ್ಲಿ ಮೋಸ ಹೋಗಿದ್ದರು.

ಈಗ ಸೈಟಿನ ಕಥೆ. ಸೈಟು ಅಂದರೆ ಮೂವತ್ತು ನಲವತ್ತರ ನಿವೇಶನ ಅಲ್ಲ, ರೈಫಲ್ಲಿನ ಮೇಲೆ ಗುರಿ ನೋಡಲು ಇರುವ ಸಾಧನ. ನಮ್ಮಲ್ಲಿ ಮೂರು ಬಗೆ ಇದ್ದವು. ಒಂದು ಓಪನ್ ಸೈಟು: ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಕಡ್ಡಿ, ಆ ಕಚ್ಚಿನೊಳಗೆ ಕಡ್ಡಿ ನಿಲ್ಲಿಸಿ ಗುರಿಯ ಕಪ್ಪಿಗೆ ಹಿಡಿಯಬೇಕು. ಎರಡನೆಯದು ಪೀಪ್ ಸೈಟು: ಹಿಂದೆ ಕಚ್ಚಿನ ಬದಲು ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ. ತೂತಿನಲ್ಲಿ ನೋಡಿದರೆ ಕಣ್ಣು ತಾನಾಗಿ ನಡುವಿಗೆ ಹೋಗುತ್ತದೆ. ಮೂರನೆಯದು ಟೆಲಿಸ್ಕೋಪು. ಗುರಿಯನ್ನು ಮೂಗಿನ ಮುಂದೆ ತಂದು ನಿಲ್ಲಿಸುತ್ತದೆ.

ಒಂದು ವರ್ಷ, ಹೊಸಬರ ತರಬೇತಿ ಶಿಬಿರಕ್ಕೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆಯಿಂದ ಹೆಸರು ಬಂದಿದ್ದವು. ಎಲ್ಲ ರೈಫಲ್ಲಿಗೂ ಟೆಲಿಸ್ಕೋಪೇ ಇರಲಿ ಅಂತ ಸೆಕ್ರೆಟರಿಯ ಹಟ.

"ಅತಿಥಿಗಳು ಬರ್ತಾರೆ, ಫೋಟೋ ತೆಗೀತಾರೆ. ಆ ಹಳೇ ಕಡ್ಡಿ ಇಟ್ಕಂಡ್ರೆ ಏನು ಲೆವೆಲ್ಲು ಉಸ್ತಾದ್?"

ಉಸ್ತಾದರದೊಂದು ಪದ್ಧತಿ ಇತ್ತು. ಶಿಬಿರದ ಹಿಂದಿನ ದಿನ, ಜೀವಮಾನದಲ್ಲಿ ಬಂದೂಕು ಮುಟ್ಟದ ಒಬ್ಬರನ್ನು ಕರೆಸಿ ಮೂರೂ ಸೈಟಿನಲ್ಲಿ ಹೊಡೆಸುವುದು. ಆ ಹೊಸ ಕಣ್ಣಿಗೆ ಯಾವುದು ಒಗ್ಗಿತೋ ಅದೇ ಎಲ್ಲರಿಗೂ. "ನಮ್ ಕಣ್ಣು ಆಗ್ಲೇ ಕೆಟ್ಟೈತೆ, ಅದನ್ನ ಕೇಳ್ಬಾರ್ದು" ಅನ್ನುತ್ತಿದ್ದರು.

ಆ ಸಲ ಬಂದವಳು ಬಬ್ಬೂರಿನ ಕಾವ್ಯ. ಡಿಗ್ರಿ ಎರಡನೇ ವರ್ಷ. ಮೊದಲ ಬಸ್ಸಿಗೆ ಹೊರಟು ಹಿರಿಯೂರಲ್ಲಿ ಬದಲಾಯಿಸಿ ಬಂದಿದ್ದಳು. ಪೊಲೀಸ್ ಆಗಬೇಕು ಅನ್ನುವ ಆಸೆ. ಮನೆಯಲ್ಲಿ ಅಮ್ಮನಿಗೆ ಒಂಚೂರೂ ಇಷ್ಟವಿಲ್ಲ. "ಇದೊಂದ್ಸಲ ಹೋಗು, ಏನಾದ್ರೂ ಎಡವಟ್ಟಾಗಿ ವಾಪಸ್ ಬಂದ್ರೆ ಆ ಮಾತು ಇನ್ನೊಂದ್ಸಲ ಎತ್ತಂಗಿಲ್ಲ ಅಂದವ್ಳೆ" ಅಂತ ಚಹಾ ಕುಡಿಯುವಾಗ ಹೇಳಿದಳು. ನಾನು ಅವಳಮ್ಮನನ್ನು ನೋಡದೇ ಅವಳಮ್ಮನ ದನಿ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕಳು.

ರೈಫಲ್ಲನ್ನು ಮರಳುಚೀಲದ ಮೇಲೆ ಇಟ್ಟು, ಇಪ್ಪತ್ತೈದು ಮೀಟರು ದೂರದ ಒಂದನೇ ಹಲಗೆಗೆ, ಒಂದೊಂದು ಸೈಟಿಗೆ ಐದೈದು ಗುಂಡು. ಓಪನ್ ಸೈಟಿನಲ್ಲಿ ಅವಳ ಗುಂಡು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಿದವು. ತಪ್ಪು ಅವಳದಲ್ಲ. ಕಚ್ಚು, ಕಡ್ಡಿ, ಗುರಿ ಮೂರನ್ನೂ ಒಟ್ಟಿಗೆ ನೋಡಲು ಯಾವ ಕಣ್ಣಿಗೂ ಆಗುವುದಿಲ್ಲ. ಹೊಸಬರು ಗುರಿ ನೋಡುತ್ತಾರೆ, ಕಡ್ಡಿ ಮರೆಯುತ್ತಾರೆ. ಪೀಪ್ ಸೈಟಿನಲ್ಲಿ ಐದೂ ಒಂದು ಪೂರಿಯೊಳಗೆ ಬಿದ್ದವು. ಉಸ್ತಾದ್ ತಲೆದೂಗಿದರು. ಆಮೇಲೆ ಟೆಲಿಸ್ಕೋಪು. ಒಂದು ಗುಂಡು ಹೊಡೆದು ಕಾವ್ಯ ನಿಲ್ಲಿಸಿಬಿಟ್ಟಳು.

"ಸರ್, ಇದು ನಡುಗ್ತೈತೆ."

"ನಡುಗ್ತಿರೋದು ನೀನು ಬೇಟಾ. ಅದು ದೊಡ್ಡದಾಗಿ ತೋರಿಸ್ತೈತೆ ಅಷ್ಟೆ. ಆರಾಮ್ ಮಾಡು."

ಅವಳ ಕೈಯಿಂದಲೇ ಬೋಲ್ಟು, ಅಂದರೆ ಗುಂಡು ತುಂಬುವ ಬಾಗಿಲು, ತೆರೆಸಿ, ಖಾಲಿ ಕೊಪ್ಪೆ ತೆಗೆಸಿ, ಕಂಬಕ್ಕೆ ಕೆಂಪು ಬಾವುಟ ಏರಿಸಿದರು. ಮರುದಿನಕ್ಕೆ ಎರಡನೇ ಹಲಗೆಗೂ ಕಾಗದ ಚುಚ್ಚಿ ಬರುತ್ತೇನೆ ಅಂತ ಹೊರಟರು. ಹೋಗುವಾಗ ನನಗೆ ಒಂದೇ ಮಾತು: "ನೋಡ್ಕೋ."

ಈ ಒಂದು ಮಾತಿನಲ್ಲಿ ಏನೇನು ಇದೆ ಅಂತ ಹೊಸಬರಾದ ನೀವು ತಿಳಿದಿರಬೇಕು. ಬಾವುಟ ಏರಿದೆ ಅಂದರೆ ರೈಫಲ್ಲನ್ನು ಯಾರೂ ಮುಟ್ಟಬಾರದು. ಹೊಡೆಯುವವರು ಎದ್ದು ಹಳದಿ ಗೆರೆಯ ಹಿಂದೆ ಬರಬೇಕು. ಗುಂಡಿನ ಡಬ್ಬಿ ಸಹಾಯಕನ ಕೈಯಲ್ಲಿರಬೇಕು. ಸಹಾಯಕ ಅಂದರೆ ನಾನು. ಕಾವ್ಯ ಮಲಗಿದಲ್ಲೇ ಮಲಗಿದ್ದಳು, ಕಿವಿಗೆ ಮುಚ್ಚಳ, ಟೆಲಿಸ್ಕೋಪಿಗೆ ಕಣ್ಣು, ಆ ನಡುಕವನ್ನೇ ನೋಡುತ್ತಿದ್ದಳು. ಡಬ್ಬಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಎರಡೇ ನಿಮಿಷ ತಾನೇ, ಪಾಪ ಯಾಕೆ ಎಬ್ಬಿಸಲಿ ಅಂದುಕೊಂಡೆ.

ಹಿಂದೆ ಕುರ್ಚಿಯಲ್ಲಿ ಸೆಕ್ರೆಟರಿ ಕೂತಿದ್ದರು. ಬೇಸರ ಬಂದಿರಬೇಕು.

"ಏನಪ್ಪ ತಿಪ್ಪೇಶಿ, ನಾಳೆ ನಿಮ್ ಉಸ್ತಾದು ಅತಿಥಿಗಳ ಮುಂದೆ ಹೆಂಗೆ ಶುರು ಮಾಡ್ತಾರೆ, ಒಂಚೂರು ಮಾಡು ನೋಡಾಣ."

ನನಗೆ ಅಷ್ಟು ಸಾಕು. ಗುರಿಗೆ ಬೆನ್ನು ಮಾಡಿ, ಸೆಕ್ರೆಟರಿಗೆ ಮುಖ ಮಾಡಿ, ಉಸ್ತಾದರ ಹಾಗೆ ಹೊಟ್ಟೆ ಒಳಗೆ ಎಳೆದು ನಿಂತೆ. "ಲೋಡ್" ಅಂದೆ. ಬಂಡೆಗಳು ಅದನ್ನು ಎತ್ತಿಕೊಂಡು ಸುತ್ತಲೂ ಹರಡಿದವು. ಮೂರು ಉಸಿರು ಕಾದೆ. ಆ ಮೂರನೇ ಉಸಿರಿನಲ್ಲಿ ನನ್ನ ಬೆನ್ನ ಹಿಂದೆ ಬೋಲ್ಟು ಮುಚ್ಚಿದ ಸದ್ದು ಕೇಳಿಸಿತು. ಕಟಕ್ ಅಂತ. ಕಿವಿಗೆ ಗೊತ್ತಾಯಿತು. ಆ ತಿಳಿವಳಿಕೆ ಬಾಯಿಗೆ ಬಂದು ತಲುಪುವಷ್ಟರಲ್ಲಿ ಬಾಯಿ ಕೆಮ್ಮಿ ಮುಗಿಸಿ, "ಫೈ...ರ್" ಅಂದಾಗಿತ್ತು.

ಗುಂಡು ಹಾರಿತು.

ಸದ್ದು ಎಡಬಂಡೆಯಿಂದ ಬಲಕ್ಕೆ, ಬಲದಿಂದ ಹಿಂದಕ್ಕೆ ಹೋಗಿ ಆರುವ ತನಕ ನನಗೆ ತಿರುಗಲು ಆಗಲಿಲ್ಲ. ತಿರುಗಿದರೆ ಕಂಬದಲ್ಲಿ ಕೆಂಪು ಬಾವುಟ ಇತ್ತು. ಹಲಗೆಗಳೆಲ್ಲ ಇದ್ದವು. ಉಸ್ತಾದ್ ಇರಲಿಲ್ಲ.

ಸೆಕ್ರೆಟರಿಯ ಬಾಯಿ ತೆರೆದೇ ಇತ್ತು. ನಾನು ಒಂದೊಂದೇ ಹಲಗೆಯ ಬುಡದಲ್ಲಿ ಕಣ್ಣಾಡಿಸಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎರಡನೇ ಹಲಗೆಯ ಬುಡದಿಂದ ಉಸ್ತಾದ್ ನಿಧಾನಕ್ಕೆ ಎದ್ದರು. ಕೈಯಿಂದ ಜಾರಿದ ಪಿನ್ನು ಹೆಕ್ಕಲು ಕೂತಿದ್ದರಂತೆ. ಪಕ್ಕದ ಒಂದನೇ ಹಲಗೆ ಅವರಿಂದ ಒಂದು ಮೊಳ ದೂರ. ಅದರ ಕಪ್ಪಿನ ನಟ್ಟನಡುವೆ ಹೊಸ ತೂತು. ಆ ದಿನದ ಅತ್ಯುತ್ತಮ ಹೊಡೆತ ಅದೇ.

ಅವರು ನಡೆದು ಬಂದರು. ರೈಫಲ್ಲನ್ನು ಅವಳ ಕೈಯಿಂದ ತೆಗೆದು, ಬೋಲ್ಟು ತೆರೆದು, ಒಳಗೆ ಬೆರಳಿಟ್ಟು ನೋಡಿ ಕೆಳಗಿಟ್ಟರು. ಎಡಮುಷ್ಟಿಯಲ್ಲಿ ಆ ಪಿನ್ನು ಹಾಗೇ ಇತ್ತು, ಅಂಗೈಯಿಂದ ರಕ್ತ ಇಳಿಯುತ್ತಿತ್ತು.

"ಹೊಡೀ ಅಂತ ಯಾರು ಹೇಳಿದ್ದು ಬೇಟಾ?"

"ನೀವೇ ಸರ್. ಕೆಮ್ಮಿದ್ರಲ್ಲ." ಕಾವ್ಯ ಆಗ ಅವರನ್ನೂ ಬಾವುಟವನ್ನೂ ಹಲಗೆಯನ್ನೂ ನೋಡಿದಳು.

ಉಸ್ತಾದ್ ನನ್ನ ಕಡೆ ನೋಡಲಿಲ್ಲ. ಸೆಕ್ರೆಟರಿ ಫೋನು ನೋಡುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಕಮಾಂಡ್ ಇಲ್ದೆ ಹೊಡ್ದೋರನ್ನ ಖಾಯಂ ತೆಗೀಬೇಕು ಅಂತ ರೂಲ್ಸ್ ಐತೆ. ರೂಲ್ಸ್ ಅಂದ್ರೆ ರೂಲ್ಸ್ ಅಪ್ಪ. ನಾಳೆ ಅತಿಥಿಗಳು ಬರೋದೈತೆ, ಗಲಾಟೆ ಬೇಡ" ಅಂದರು. ನನ್ನನ್ನು ಅಣಕಿಸು ಅಂದವರೇ ಅವರು. ನಾನೂ ಬಾಯಿ ಬಿಡಲಿಲ್ಲ. ಇಡೀ ತಾಲ್ಲೂಕಿನ ಬಾಯಿ ನನ್ನ ಬಾಯೊಳಗೆ ಇತ್ತು, ಒಂದೂ ಆಚೆ ಬರಲಿಲ್ಲ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ಅಮ್ಮನ ಆಫೀಸರು ಮಣ್ಣುಪಾಲು. ಈ ಮೂರೇ ತಲೆಯಲ್ಲಿ ತಿರುಗುತ್ತಿದ್ದವು.

ಕಾವ್ಯಳನ್ನು ಆಫೀಸಿನ ಬೆಂಚಿನ ಮೇಲೆ ಕೂರಿಸಿದರು, ಮಧ್ಯಾಹ್ನದ ಬಸ್ಸಿಗೆ ಕಳಿಸಲು. ನಾನು ನೀರು ಕೊಡಲು ಹೋದೆ. ಬ್ಯಾಗು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ನೀರು ಮುಟ್ಟಲಿಲ್ಲ.

"ಅಣ್ಣ, ನೀವು ಅಲ್ಲೇ ಇದ್ರಲ್ಲ. ಸರ್ ಹೇಳ್ಲಿಲ್ವಾ? ನನ್ ತಲೇಲೇ ಬಂತಾ ಅದು? ಹಂಗೆ ಇಲ್ದಿದ್ದು ಕೇಳ್ಸಿದ್ರೆ ನಾನು ಯಾವ ಕೆಲ್ಸಕ್ಕೂ ಆಗಲ್ಲ ಅಲ್ವಾ?"

ಅವಳು ಅಳುತ್ತಿರಲಿಲ್ಲ. ತನ್ನ ಕಿವಿಗೆ, ತನ್ನ ತಲೆಗೆ ಹೆದರುತ್ತಿದ್ದಳು. ನಾನು ಲೋಟ ಅಲ್ಲೇ ಇಟ್ಟು ಆಚೆ ಬಂದೆ.

ಉಸ್ತಾದ್ ಮರದ ಮೇಜಿನ ಮುಂದೆ ಕೂತು ಗಡಿಯಾರದ ಸ್ಕ್ರೂಡ್ರೈವರಿನಿಂದ ಟೆಲಿಸ್ಕೋಪು ಬಿಚ್ಚುತ್ತಿದ್ದರು. ಅಂಗೈಗೆ ಕರ್ಚೀಫು ಕಟ್ಟಿತ್ತು.

"ಉಸ್ತಾದ್, ಹೇಳಿದ್ದು ನಾನು."

"ಗೊತ್ತು." ಅವರು ತಿರುಪು ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ನನ್ ಕೆಮ್ಮು ನಂಗೆ ಕೇಳ್ಸಲ್ವಾ. ಅಲ್ಲಿ ಕುಂತು ಪಿನ್ನು ಹೆಕ್ತಾ ಇದ್ದೆ, ಹಿಂದಿಂದ ನಾನೇ ಕೆಮ್ದೆ. ಸತ್ತೇ ಹೋದ್ನೇನೋ ಅಂದ್ಕಂಡೆ."

ಬಿಚ್ಚಿದ ತಿರುಪನ್ನು ಉಸ್ತಾದ್ ಮೇಜಿನ ಮೇಲೆ ಇಟ್ಟರು.

"ಆ ಮಗೀಗೆ ಹೇಳ್ದ್ಯಾ?"

"ಇಲ್ಲ."

"ಮತ್ತೆ ಇಲ್ಲಿ ಯಾಕೆ ನಿಂತಿದೀಯ?"

ವಾಪಸ್ ಹೋಗಿ ಹೇಳಿದೆ. ಕಾವ್ಯ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಳು. "ಹಂಗಾರೆ ಮಾಡ್ರಿ, ಕೇಳ್ತೀನಿ" ಅಂದಳು. ಬೇಡ ಅಂದೆ. "ಮಾಡ್ರಿ" ಅಂದಳು. ಬಾಗಿಲ ಕಡೆ ತಿರುಗಿ ನಿಂತು, ಮೂರು ಉಸಿರು ಬಿಟ್ಟು, ಕೆಮ್ಮಿ, ಆ ಮಾತು ಹೇಳಿದೆ. ಅವಳ ಬಲಗೈಯ ತೋರುಬೆರಳು ತಾನಾಗಿ ಮಡಚಿಕೊಂಡಿತು. ಅದನ್ನು ಅವಳೂ ನೋಡಿದಳು, ನಾನೂ ನೋಡಿದೆ. ಅವಳು ಆ ಬೆರಳನ್ನು ಎಡಗೈಯಿಂದ ಮುಚ್ಚಿಕೊಂಡು, "ಸಾಕು" ಅಂದಳು. ಉಸ್ತಾದರ ದನಿ ನನ್ನ ಬಾಯಿಗೆ ಬಂದದ್ದು ಅದೇ ಕೊನೆ.

ಸೆಕ್ರೆಟರಿ ಅಷ್ಟಕ್ಕೇ ಒಪ್ಪಲಿಲ್ಲ. ಯಾರು ಹೇಳಿದರೇನು, ಮುಂದೆ ಮನುಷ್ಯ ಇದ್ದದ್ದು ಅವಳಿಗೆ ಕಾಣಬೇಕಿತ್ತು ಅಂದರು. ಉಸ್ತಾದ್ ಬಿಚ್ಚಿದ ಟೆಲಿಸ್ಕೋಪನ್ನು ಅವರ ಕೈಗೆ ಕೊಟ್ಟು, "ಒಂದನೇ ಹಲಗೆ ನೋಡ್ತಾ ಇರ್ರಿ" ಅಂತ ಹೇಳಿ, ಎರಡನೇ ಹಲಗೆಯ ಹತ್ತಿರ ಹೋಗಿ ನಿಂತರು. ಅಲ್ಲಿಂದಲೇ ಕೂಗಿದರು.

"ಏನ್ ಕಾಣ್ತೈತೆ?"

"ಹಲಗೆ ಐತೆ. ಕಪ್ಪೈತೆ. ತೂತುಗಳವೆ."

"ನಾನು?"

ಸೆಕ್ರೆಟರಿ ಒಂದು ಕಣ್ಣು ಮುಚ್ಚಿ, ಟೆಲಿಸ್ಕೋಪು ಅಲ್ಲಾಡಿಸದೆ ಹುಡುಕಿದರು. "ನೀವು ಎಲ್ಲಿದೀರಿ?" ಅಂದರು. ಅಂದ ಮೇಲೆ ಟೆಲಿಸ್ಕೋಪು ಇಳಿಸಿ, ಬೆವರು ಒರೆಸಿಕೊಂಡರು. ಆಮೇಲೆ ರೂಲ್ಸಿನ ಮಾತು ಎತ್ತಲಿಲ್ಲ. ಕಾವ್ಯ ಬಸ್ಸು ಹತ್ತಲಿಲ್ಲ, ಶಿಬಿರಕ್ಕೇ ಉಳಿದಳು.

ಹಾಗೆ ಆ ವರ್ಷ ಎಲ್ಲ ರೈಫಲ್ಲಿಗೂ ಪೀಪ್ ಸೈಟು ಆಯಿತು. ಅದರಲ್ಲೂ ದೊಡ್ಡ ತೂತಿನದು, ಎಡಗಣ್ಣು ಮುಚ್ಚುವ ಹಾಗಿಲ್ಲ. ಉಸ್ತಾದ್ ಹೇಳಿದ್ದು ಇಷ್ಟೇ: "ಮೊದ್ಲನೇ ದಿನ ಅವರಿಗೆ ಹತ್ತಕ್ಕೆ ಹತ್ತು ಬ್ಯಾಡ. ಮುಂದೆ ಯಾರಾದ್ರೂ ಅವ್ರೆ ಅಂತ ಕಾಣ್ಲಿ." ಟೆಲಿಸ್ಕೋಪಿನ ಮೇಲೆ ತಪ್ಪು ಹಾಕಿ ನಾನು ಪಾರಾಗುವುದಿಲ್ಲ. ಅದು ತನಗೆ ತೋರಿಸಿದ್ದನ್ನು ತೋರಿಸಿತು. ಡಬ್ಬಿ ಎತ್ತಿಕೊಳ್ಳಬೇಕಾದವನು ನಾನು.

ನನ್ನ ಕೆಲಸ ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಯಿತು. ಮಾರನೇ ಬೆಳಿಗ್ಗೆ ಎಲ್ಲರೂ ಸಾಲಾಗಿ ಮಲಗಿದ ಮೇಲೆ, ಅತಿಥಿಗಳೆಲ್ಲ ಕೂತ ಮೇಲೆ, ಉಸ್ತಾದ್ ಬಂದು ನನ್ನ ಪಕ್ಕ ನಿಂತು, "ಕಮಾಂಡ್ ನೀನು ಕೊಡು. ನಿನ್ನ ದನೀಲಿ" ಅಂದರು.

ನಾನು ಬಾಯಿ ತೆರೆದೆ. ಮೊದಲು ಬಂದದ್ದು ಹೊಳಲ್ಕೆರೆ ಕಂಡಕ್ಟರು. ನುಂಗಿಕೊಂಡೆ. ಆಮೇಲೆ ಸೆಕ್ರೆಟರಿ ಬಂದರು, ಅವರನ್ನೂ ನುಂಗಿದೆ. ಗಂಟಲು ಕೆಮ್ಮಲು ಹವಣಿಸಿತು, ಹಲ್ಲು ಕಚ್ಚಿ ತಡೆದೆ. ಎಲ್ಲರೂ ಹೋದ ಮೇಲೆ ಒಳಗೆ ಉಳಿದಿದ್ದದ್ದು ಹರಿದ ಪೀಪಿಯಂಥ ಒಂದು ಸಣ್ಣ ದನಿ. "ಲೋಡ್" ಅಂದೆ. ಯಾರೋ ಕಿಸಕ್ಕಂದರು. ಎಲ್ಲ ಹಲಗೆ ನೋಡಿದೆ, ಬಾವುಟ ನೋಡಿದೆ, ಉಸ್ತಾದ್ ಪಕ್ಕದಲ್ಲಿ ಇದ್ದಾರೆಯೇ ಅಂತ ಕೈಯಿಂದ ಮುಟ್ಟಿ ನೋಡಿದೆ. "ಫೈರ್" ಅಂದೆ.

ಎಲ್ಲರೂ ಹೊಡೆದರು, ನಾಲ್ಕನೇ ಜಾಗದಲ್ಲಿ ಮಲಗಿದ್ದ ಕಾವ್ಯಳನ್ನು ಬಿಟ್ಟು. ಅವಳು ತಲೆ ಎತ್ತಿ ಹಿಂದೆ ತಿರುಗಿದಳು. ನನ್ನ ಬಾಯಿ ನೋಡಿದಳು. ಬಾವುಟ ನೋಡಿದಳು. ಹಲಗೆಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೊಡೆದಳು. ಉಸ್ತಾದ್ ಅವಳನ್ನೇ ನೋಡುತ್ತಿದ್ದರು. ಮಧ್ಯಾಹ್ನದ ಸರದಿಯಿಂದ ಎಲ್ಲರೂ ಹಾಗೇ ಮಾಡಬೇಕು ಅಂತಾಯಿತು. ಕಿವಿ ಕೇಳಿದ್ದನ್ನು ಕಣ್ಣು ಹೋಗಿ ವಿಚಾರಿಸಿಕೊಂಡು ಬರುವ ತನಕ ಬೆರಳು ಕಾಯಬೇಕು. ಈ ಕೆಲಸದಲ್ಲಿ ನಿಮಗೆ ಕಲಿಸಲು ನನ್ನ ಹತ್ತಿರ ಇರುವುದು ಇದೊಂದೇ, ಇದೂ ನನ್ನದಲ್ಲ.

ಕಾವ್ಯ ಈಗ ಪೊಲೀಸ್. ರಜೆ ಇದ್ದ ಭಾನುವಾರ ನಮ್ಮ ಕ್ವಾರಿಗೆ ಬಂದು ಹೊಸಬರಿಗೆ ಕಲಿಸುತ್ತಾಳೆ. ಉಸ್ತಾದ್ ಮನೆಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಿರುತ್ತಾರೆ. ಹೋದ ತಿಂಗಳು, ಡಾಕ್ಟರಿಗೆ ಹೇಳದೆ, ಕಿವಿಗೆ ಹತ್ತಿ ತುರುಕಿ ಅದರ ಮೇಲೆ ಮುಚ್ಚಳ ಹಾಕಿಕೊಂಡು, ನೋಡಿ ಬರೋಣ ಅಂತ ಹೋದೆ. ಹಳದಿ ಗೆರೆಯ ಹಿಂದೆ ತಡಿಕೆಗೆ ಒರಗಿ ನಿಂತಿದ್ದೆ. ಕಾವ್ಯ "ಲೋಡ್" ಅಂದಳು. ಗಾಳಿ ಬೀಸಿ ಕ್ವಾರಿಯ ದೂಳೆಲ್ಲ ಮುಖಕ್ಕೆ ಬಂತು. ತಡೆಯಲಾಗಲಿಲ್ಲ, ಒಂದು ಸಣ್ಣ ಕೆಮ್ಮು ಕೆಮ್ಮಿದೆ.

ಸಾಲಿನ ಅಷ್ಟೂ ತಲೆಗಳು ಎದ್ದು ಹಿಂದೆ ತಿರುಗಿದವು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಎಲ್ಲರೂ ನನ್ನ ಬಾಯಿ ನೋಡಿದರು. ಕಾವ್ಯಳೂ ನೋಡಿದಳು. ಅವಳ ಎಡಗೈ ಬಲಗೈಯ ಬೆರಳನ್ನು ಮುಚ್ಚಿಕೊಂಡಿತ್ತು.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಆಗ ಅವಳು ಮೊದಲು ಬಾವುಟದ ಕಡೆ, ಆಮೇಲೆ ಹಲಗೆಗಳ ಕಡೆ ತಿರುಗಿ, ಕಮಾಂಡು ಕೊಟ್ಟಳು.